ಹುಳದ ಮನೆಯ ಗಿಳಿಗಳು

ಧನುರ್ಮಾಸದ ಚಳಿ. ಅವರೆ ಹೊಲಗಳ ಮೇಲೆ ಕೂತ ಮಂಜು ಇನ್ನೂ ಎದ್ದಿಲ್ಲ. ದಿಬ್ಬೂರಹಳ್ಳಿಯಲ್ಲಿ ಬಸ್ಸಿಳಿದು ಮಣ್ಣು ರಸ್ತೆ ಹಿಡಿದರೆ ಸಿಗುವ ಈ ಪುಟ್ಟ ಹಳ್ಳಿಯಲ್ಲಿ ಹೆಂಗಸರು ತಲೆಗೆ ಟವೆಲ್ ಸುತ್ತಿಕೊಂಡು ಆಗಲೇ ಕಾಯಿ ಬಿಡಿಸಲು ಹೊಲಕ್ಕಿಳಿದಿದ್ದಾರೆ. ಚಿಕ್ಕಬಳ್ಳಾಪುರದ ಮಾರ್ಕೆಟ್ಟಿಗೆ ಹೋಗುವ ಟೆಂಪೊ ಬರುವಷ್ಟರಲ್ಲಿ ಮೂಟೆ ಕಟ್ಟಿರಬೇಕು. ಊರಾಚೆ, ಹಿಪ್ಪುನೇರಳೆ ತೋಟದ ಬದುವಿಗೆ ಒತ್ತಿಕೊಂಡಿರುವ ಉದ್ದನೆಯ ಹೆಂಚಿನ ಮನೆಯ ಮುಂದೆ ಅಮ್ಮಾಜಮ್ಮ ಚಪ್ಪಲಿ ಕಳಚುತ್ತಿದ್ದಾರೆ.

ಬಾಗಿಲ ಬುಡದಲ್ಲಿ ಅಗಲವಾದ ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ ಬ್ಲೀಚಿಂಗ್ ಪುಡಿ ಕಲಸಿದ ನೀರು. ಅದರೊಳಗೆ ಎರಡೂ ಪಾದ ಅದ್ದಿ, ಒಳಗಿನ ಹವಾಯಿ ಚಪ್ಪಲಿ ಮೆಟ್ಟಿಕೊಳ್ಳುತ್ತಾರೆ. ಸೀರೆಯ ಮೇಲೆ ಗಂಡನ ಹಳೆಯ ಖಾಕಿ ಅಂಗಿ ತೊಡುತ್ತಾರೆ. ಆ ಅಂಗಿಗೆ ಈ ಮನೆಯೇ ಲೋಕ. ಹೊರಗೆ ಬಂದದ್ದೇ ಇಲ್ಲ, ಒಗೆಯುವುದೂ ಒಳಗೇ. ಬಾಗಿಲು ತೆರೆದ ಸದ್ದಿಗೆ ಕತ್ತಲೊಳಗಿನಿಂದ ಒಂದು ಗಂಡು ದನಿ ಕೇಳುತ್ತದೆ: "ಸಾರ್ ಇದಾರಾ?"

"ಅವ್ರೆ, ಕುತ್ಕೊ," ಎನ್ನುತ್ತಾ ಅಮ್ಮಾಜಮ್ಮ ಲೈಟ್ ಹಾಕುತ್ತಾರೆ.

ಕೇಳಿದವನು ಗುಂಡ. ಬೂದಿ ಬಣ್ಣದ ಮೈ, ಕೆಂಪು ಬಾಲದ ಆಫ್ರಿಕಾದ ಗಿಳಿ. ಈ ಮನೆಯಲ್ಲಿ ಇಂಥ ಬೂದು ಗಿಳಿಗಳು ನಾಲ್ಕಿವೆ, ಅವಲ್ಲದೆ ಜುಟ್ಟಿನ ಕಾಕಟೀಲ್ ಗಿಳಿ ಮೂರು, ಹಳದಿ ಕೋನ್ಯೂರ್ ಗಿಳಿ ಒಂದು. ಎಲ್ಲಕ್ಕೂ ಇರುವುದು ಒಂದೇ ಕಾಯಿಲೆ. ತಿಂದದ್ದು ಅರಗುವುದಿಲ್ಲ, ನರ ಸೋಲುತ್ತದೆ. ಔಷಧ ಅಂತ ಗಟ್ಟಿಯಾದದ್ದು ಇನ್ನೂ ಬಂದಿಲ್ಲ. ಒಂದು ಹಕ್ಕಿಯಿಂದ ಇನ್ನೊಂದಕ್ಕೆ ಹಬ್ಬುತ್ತದೆ ಎಂಬ ಭಯದಿಂದ, ಸಾಕಿದವರ ಮನೆಯಲ್ಲಿ ಇಟ್ಟುಕೊಳ್ಳಲಾಗದೆ ಇಲ್ಲಿಗೆ ಬಂದವು ಇವು.

ಬೆಳಗಿನ ಮೊದಲ ಕೆಲಸ ಪಂಜರದ ತಳದ ಕಾಗದ ತೆಗೆಯುವುದು. ಅಮ್ಮಾಜಮ್ಮ ಅದನ್ನು ಸುಮ್ಮನೆ ಮಡಚಿ ಎಸೆಯುವುದಿಲ್ಲ. ಒಂದೊಂದನ್ನೂ ಬಲ್ಬಿನ ಕೆಳಗೆ ಹಿಡಿದು, ಹಿಕ್ಕೆಯನ್ನು ಬೇವಿನ ಕಡ್ಡಿಯಲ್ಲಿ ಬಿಡಿಸಿ ನೋಡುತ್ತಾರೆ. ಮೊದಲ ಪಂಜರ ಆಯಿತು, ಎರಡನೆಯದಾಯಿತು. ಮೂರನೆಯದು ಗುಂಡನದು. ಅದರ ಕಾಗದವನ್ನು ಒಮ್ಮೆ ನೋಡಿದವರು ತಿರುಗಿಸಿ ಇನ್ನೊಮ್ಮೆ ನೋಡುತ್ತಾರೆ. ಕಡ್ಡಿಯ ತುದಿಯಲ್ಲಿ ನವಣೆಯ ಕಾಳು. ತಿಂದಾಗ ಹೇಗಿತ್ತೋ ಹಾಗೇ ಇಡಿಯಾಗಿ, ಹೊಳಪು ಕೂಡ ಮಾಸದೆ ಹೊರಬಂದಿದೆ. ಒಂದಲ್ಲ, ಹಿಕ್ಕೆಯ ತುಂಬ ಅದೇ.

"ಯಾಕೋ ಇಂಗ್ ಮಾಡ್ದೆ ನಾಯನಾ," ಎಂದು ಮೆಲ್ಲಗೆ ಕೇಳುತ್ತಾರೆ. ಗುಂಡ ಕೊರಳು ಓರೆ ಮಾಡಿ ಅವರನ್ನೇ ನೋಡುತ್ತಾನೆ.

ಇವತ್ತು ಚಿಂತಾಮಣಿಯಿಂದ ರಾಧಮ್ಮನವರು ಬರುತ್ತಿದ್ದಾರೆ, ಗುಂಡನನ್ನು ಮನೆಗೆ ಕರೆದೊಯ್ಯಲು. ಬನ್ನಿ ಎಂದು ಫೋನು ಮಾಡಿ ಹೇಳಿದವರು ಅಮ್ಮಾಜಮ್ಮನೇ.

ಈ ಮನೆ ಕಟ್ಟಿದ್ದು ಗಿಳಿಗಳಿಗಲ್ಲ, ರೇಷ್ಮೆ ಹುಳಕ್ಕೆ. ಕಿಟಕಿಗಳಿಗೆ ಹುಳವನ್ನು ಕೊಲ್ಲುವ ಊಜಿ ನೊಣ ಬಾರದ ಹಾಗೆ ಬಡಿದ ಸಣ್ಣ ಕಣ್ಣಿನ ಪರದೆ ಈಗಲೂ ಇದೆ. ಹುಳದ ತಟ್ಟೆ ಜೋಡಿಸುತ್ತಿದ್ದ ಸ್ಟ್ಯಾಂಡುಗಳ ಮೇಲೆ ಈಗ ಪಂಜರಗಳು ಕೂತಿವೆ. ಸ್ಟ್ಯಾಂಡಿನ ಕಾಲುಗಳ ಕೆಳಗೆ, ಇರುವೆ ಹತ್ತದಂತೆ ಇಟ್ಟ ನೀರಿನ ಬಟ್ಟಲುಗಳನ್ನೂ ತೆಗೆದಿಲ್ಲ. ಗೂಡಿನ ಬೆಲೆ ಬಿದ್ದು ಎದ್ದು ಮತ್ತೆ ಬಿದ್ದ ವರ್ಷಗಳಲ್ಲಿ ಊರಿನ ಹಲವರು ಹುಳ ಬಿಟ್ಟು ತರಕಾರಿಗೆ ಹೊರಳಿದರು. ಅಮ್ಮಾಜಮ್ಮನ ಗಂಡ ಹನುಮಂತರಾಯಪ್ಪ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ತೂಕದ ಕೆಲಸಕ್ಕೆ ಸೇರಿಕೊಂಡರು. ತೋಟದ ಸೊಪ್ಪನ್ನು ಈಗ ಬೇರೆ ಸಾಕಣೆದಾರರಿಗೆ ಮಾರುತ್ತಾರೆ. ಹುಳದ ಮನೆ ಬಾಗಿಲು ಹಾಕಿಕೊಂಡು ನಿಂತಿತ್ತು.

ಚಿಕ್ಕಬಳ್ಳಾಪುರದಲ್ಲಿ ಸಂಜೆ ಹೊತ್ತು ಕ್ಲಿನಿಕ್ ನಡೆಸುವ ಪಶುವೈದ್ಯ ಗಂಗಾಧರ್ ಆ ದಿನಗಳಲ್ಲಿ ಇವರ ಹಸುವಿನ ಕೆಚ್ಚಲು ಬಾವು ನೋಡಲು ಬಂದಿದ್ದರು. ಇದು ನಾಲ್ಕು ವರ್ಷದ ಹಿಂದಿನ ಮಾತು. ಕೈ ತೊಳೆಯಲು ನೀರು ಕೇಳಿ ಹುಳದ ಮನೆಯ ಕಡೆ ಹೆಜ್ಜೆ ಇಟ್ಟರೆ ಅಮ್ಮಾಜಮ್ಮ ಅಡ್ಡ ನಿಂತರಂತೆ.

"ಒಳಗೆ ಒಂದು ಹುಳ ಇಲ್ಲ. ಬರೀ ತಟ್ಟೆ. ಆದರೂ ಚಪ್ಪಲಿ ಬಿಟ್ಟು ಕಾಲು ಅದ್ದಿ ಬನ್ನಿ ಸಾರ್ ಅಂದ್ರು," ಎಂದು ಡಾ. ಗಂಗಾಧರ್ ನಗುತ್ತಾರೆ. "ನನಗೆ ಬೇಕಾಗಿದ್ದ ಮನುಷ್ಯರು ಇವರೇ ಅನ್ನಿಸ್ತು."

ಅವರಿಗೆ ಬೇಕಾಗಿದ್ದಕ್ಕೆ ಕಾರಣವಿತ್ತು. ಊರುಗಳಲ್ಲಿ ವಿದೇಶಿ ಗಿಳಿ ಸಾಕುವ ಖಯಾಲಿ ಆಗತಾನೆ ಶುರುವಾಗಿತ್ತು. ನಮ್ಮ ಕಡೆಯ ಹಸಿರು ಗಿಳಿಯನ್ನು ಪಂಜರದಲ್ಲಿಡಲು ಕಾನೂನು ಬಿಡುವುದಿಲ್ಲ, ಹೊರದೇಶದ್ದಕ್ಕೆ ಆ ತಡೆ ಇಲ್ಲ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದಿಂದ ಜನ ಟವೆಲ್ ಹೊದಿಸಿದ ಪಂಜರ ಹಿಡಿದು ಬರತೊಡಗಿದರು. ಕೆಲವು ಹಕ್ಕಿ ಹೊಟ್ಟೆ ತುಂಬ ತಿನ್ನುತ್ತಿದ್ದವು, ಎದೆಮೂಳೆ ಮಾತ್ರ ಕತ್ತಿಯಂತೆ ಎದ್ದಿರುತ್ತಿತ್ತು.

"ಗಿಳಿಯ ಹೊಟ್ಟೆಗೆ ಎರಡು ಭಾಗ. ಒಂದರಲ್ಲಿ ರಸ ಕೂಡುತ್ತೆ, ಇನ್ನೊಂದು ಕಾಳನ್ನ ಅರೆಯುತ್ತೆ," ಎಂದು ಡಾಕ್ಟರು ವಿವರಿಸುತ್ತಾರೆ. "ಈ ಕಾಯಿಲೆಯಲ್ಲಿ ಹೊಟ್ಟೆಯನ್ನ ಆಡಿಸೋ ನರಗಳೇ ಕೆಡ್ತವೆ. ರಾಗಿ ಮಿಷನ್ ಸರಿಯಾಗೇ ಇದೆ, ಅದಕ್ಕೆ ಹೋಗೋ ವೈರ್ ಸುಟ್ಟಿದೆ ಅನ್ಕೊಳಿ. ಕಾಳು ಒಳಗೇ ಕೂತು ಹೊಟ್ಟೆ ಹಿಗ್ಗುತ್ತೆ, ಇಲ್ಲಾ ಹಾಗೇ ಆಚೆ ಬರುತ್ತೆ. ಕೆಲವಕ್ಕೆ ತಲೆಯ ನರಕ್ಕೂ ತಗಲುತ್ತೆ. ತೂರಾಡ್ತವೆ, ಕಡ್ಡಿ ಹಿಡಿಯೋಕೆ ಆಗದೆ ಬೀಳ್ತವೆ. ಇದಕ್ಕೆ ಒಂದು ವೈರಸ್ ಕಾರಣ ಅಂತ ಹೊರದೇಶದಲ್ಲಿ ಪತ್ತೆಯಾಗಿದ್ದೇ ಹೋದ ವರ್ಷ, ಎರಡು ಸಾವಿರದ ಎಂಟರಲ್ಲಿ. ನಮ್ಮಲ್ಲಿ ಅದರ ಟೆಸ್ಟು ಇನ್ನೂ ಇಲ್ಲ."

ಟೆಸ್ಟಿಲ್ಲ, ಮದ್ದಿಲ್ಲ. ಬಾವು ಇಳಿಸುವ ಹನಿ ಔಷಧ, ಸುಲಭಕ್ಕೆ ಅರಗುವ ಮೆತ್ತನೆ ಆಹಾರ, ಬೆಚ್ಚಗಿನ ಜಾಗ, ಬೇರೆ ಹಕ್ಕಿಗಳಿಂದ ದೂರ. ಹೀಗೆ ಇಟ್ಟರೆ ಕೆಲವು ವರ್ಷಗಟ್ಟಲೆ ಬದುಕುತ್ತವೆ. ಇಡುವವರು ಯಾರು ಎಂಬ ಪ್ರಶ್ನೆಗೆ ಡಾಕ್ಟರಿಗೆ ಸಿಕ್ಕ ಉತ್ತರ ದಿಬ್ಬೂರಹಳ್ಳಿಯ ಹಾದಿಯ ಈ ಖಾಲಿ ಮನೆ.

ಮೊದಲು ಹನುಮಂತರಾಯಪ್ಪ ಒಪ್ಪಿರಲಿಲ್ಲ. "ಹುಳ ಸಾಕಿದ್ರೆ ಗೂಡಾದ್ರೂ ಕೊಡ್ತದೆ, ಈ ಗಿಣಿ ಏನ್ ಕೊಡ್ತದೆ, ಬೈಗುಳಾನಾ?" ಎಂದು ಕೇಳಿದ್ದರು. ಅವರ ಮಾತು ಪೂರ್ತಿ ಸುಳ್ಳಾಗಲಿಲ್ಲ. ಮಂಚೇನಹಳ್ಳಿಯ ಲಾರಿ ಮಾಲೀಕರೊಬ್ಬರ ಮನೆಯಿಂದ ಬಂದ ಗಿಳಿಯೊಂದು ಮೊದಲ ದಿನವೇ ಹನುಮಂತರಾಯಪ್ಪನವರನ್ನು ಕಿಟಕಿಯಾಚೆ ನೋಡಿ, ಬರೆಯಲು ಬಾರದ ಮಾತು ಆಡಿತಂತೆ. "ನನ್ನ ಹೆಂಡ್ತಿ ಮುಂದೇನೇ," ಎಂದು ಅವರು ಈಗಲೂ ಹೇಳಿಕೊಳ್ಳುತ್ತಾರೆ. ಆ ಗಿಳಿ ಸತ್ತಾಗ ಗುಂಡಿ ತೋಡಿ ಸುಣ್ಣ ಹಾಕಿದವರೂ ಅವರೇ.

ಅಮ್ಮಾಜಮ್ಮನ ಕೆಲಸಕ್ಕೆ ಒಂದು ಕ್ರಮವಿದೆ. ಚೆನ್ನಾಗಿರುವ ಹಕ್ಕಿಯಿಂದ ಶುರು ಮಾಡಿ, ತೀರಾ ಸೋತದ್ದನ್ನು ಕೊನೆಗೆ ಮುಟ್ಟುತ್ತಾರೆ. ಅಷ್ಟಾದ ಮೇಲೆ ಹಿಂದಕ್ಕೆ ಬರುವ ಹಾಗಿಲ್ಲ. ಒಂದೊಂದು ಪಂಜರಕ್ಕೂ ಬೇರೆ ಬೇರೆ ಚಮಚ, ಬಟ್ಟಲು, ಒರೆಸುವ ಬಟ್ಟೆ. ಅದಲು ಬದಲಾಗದಂತೆ ಗುರುತಿಗೆ ಬಣ್ಣ ಬಣ್ಣದ ರೇಷ್ಮೆ ಎಳೆ ಕಟ್ಟಿದ್ದಾರೆ. ಇದೆಲ್ಲ ಡಾಕ್ಟರು ಹೇಳಿಕೊಟ್ಟದ್ದಾ ಎಂದರೆ ಅಲ್ಲವೆಂದು ತಲೆಯಾಡಿಸುತ್ತಾರೆ.

"ಮದ್ದು, ಗಂಜಿ ಅವ್ರು ಹೇಳಿದ್ದು. ಇದು ಹುಳದ್ದು ಕಣಪ್ಪ. ಹಾಲುತೊಂಡೆ ರೋಗ ಬಿದ್ದ ತಟ್ಟೆ ಮುಟ್ಟಿದ ಕೈಲಿ ಇನ್ನೊಂದು ತಟ್ಟೆ ಮುಟ್ಟಿದ್ರೆ ಮನೆಗ್ಮನೇನೇ ಹೋಯ್ತದೆ. ನಮ್ಮತ್ತೆ ಕದಿರಮ್ಮ ಅಂತ, ಹುಳದ ಮನೆಗೆ ಬಂದೋರ ಕೈ ಮೂಸಿ ನೋಡೋರು. ಒಗ್ಗರಣೆ ವಾಸನೆ ಬಂದ್ರೂ ವಾಪಸ್ಸೇ."

ಊರಲ್ಲಿ ಕೋಳಿ ಇಲ್ಲದ ಮನೆ ಇವರದೊಂದೇ. ಕೋಳಿಗೆ ಇದು ತಗಲುವುದು ಕಂಡಿಲ್ಲ, ಇಟ್ಟುಕೊಳ್ಳಿ ಎಂದು ಡಾಕ್ಟರೇ ಹೇಳಿದರೂ ಇವರು ಕೇಳಲಿಲ್ಲ. ಇದ್ದ ಕೋಳಿಗಳನ್ನೆಲ್ಲ ತಂಗಿ ವರಲಕ್ಷ್ಮಿಯ ಮನೆಗೆ ಅಟ್ಟಿಬಿಟ್ಟರು. "ಈ ಹೊಸಲು ದಾಟಿ ಕಾಯಿಲೆ ಆಚೆಗೆ ಹೋಗಿಲ್ಲ. ಅದೊಂದು ಹೇಳ್ಕೋತೀನಿ ನಾನು," ಎನ್ನುವಾಗ ಅವರ ದನಿ ಸ್ವಲ್ಪ ಗಟ್ಟಿಯಾಗುತ್ತದೆ. ಇವತ್ತು ಆ ಮಾತು ಹೇಳಿ ಮುಗಿಸಿದವರೇ ರಸ್ತೆಯ ಕಡೆ ನೋಡುತ್ತಾರೆ.

ಗಂಜಿಯ ಹೊತ್ತು. ಮೆತ್ತಗೆ ಬೇಯಿಸಿದ ಅಕ್ಕಿ, ಸಿಹಿಗುಂಬಳ, ಸ್ವಲ್ಪ ಮೊಟ್ಟೆ, ಎಲ್ಲವನ್ನೂ ಕಿವುಚಿ ಬಟ್ಟೆಯಲ್ಲಿ ಸೋಸಿದ್ದು. ಗಿಳಿಯ ಹೊಟ್ಟೆ ತಡೆಯುವಷ್ಟೇ, ಸ್ವಲ್ಪ ಸ್ವಲ್ಪವಾಗಿ ಹಗಲಿಡೀ ಕೊಡಬೇಕು. ಕಾಕಟೀಲೊಂದು ಕಡ್ಡಿ ಹಿಡಿಯಲಾರದೆ ನೆಲದ ಬಟ್ಟೆಯ ಮೇಲೇ ಕೂರುತ್ತದೆ. ಅದರ ತಲೆ ಸದಾ ಸಣ್ಣಗೆ ನಡುಗುತ್ತದೆ. ಗಂಜಿ ಗಂಟಲಿಗೆ ಅಡ್ಡ ಹೋಗದಂತೆ ಅದರ ತಲೆಯನ್ನು ಎರಡು ಬೆರಳ ನಡುವೆ ಹಿಡಿದು, "ತಿನು ನಾಯನಾ, ತಿನು," ಎಂದು ಅಮ್ಮಾಜಮ್ಮ ಹನಿ ಹನಿ ಬಿಡುತ್ತಾರೆ. ಆಂಧ್ರದ ಗಡಿ ಇಲ್ಲಿಗೆ ದೂರವಿಲ್ಲ. ಅಮ್ಮಾಜಮ್ಮನ ತವರಲ್ಲಿ ತೆಲುಗೇ ಮಾತು, 'ನಾಯನಾ' ಎಂದರೆ ಅಪ್ಪಾ, ಕಂದಾ ಎಂದಂತೆ. ಮಕ್ಕಳನ್ನೂ ಹಸುವನ್ನೂ ಅವರು ಮುದ್ದಿಸುವುದು ಅದರಲ್ಲೇ, ಈಗ ಗಿಳಿಗಳನ್ನೂ.

ಅಷ್ಟರಲ್ಲಿ ಕರೆಂಟು ಹೋಗುತ್ತದೆ. ಬೆಚ್ಚಗಿಡುವ ಬಲ್ಬುಗಳು ಆರಿದ ಕೂಡಲೇ ಹಕ್ಕಿಗಳು ಗರಿ ಉಬ್ಬಿಸಿ ಮುದುಡುತ್ತವೆ. ಹುಳದ ಕಾಲದಲ್ಲಾದರೆ ಕೆಂಡದ ಕುಂಪಟಿ ಇಡುತ್ತಿದ್ದರು. ಗಿಳಿಯ ಶ್ವಾಸಕ್ಕೆ ಹೊಗೆ ವಿಷವೆಂದು ಡಾಕ್ಟರು ಅದನ್ನು ತೆಗೆಸಿದ್ದಾರೆ. ಅಮ್ಮಾಜಮ್ಮ ಬಿಸಿನೀರು ತುಂಬಿದ ಮಡಕೆಗಳಿಗೆ ಗೋಣಿಚೀಲ ಸುತ್ತಿ ಪಂಜರಗಳ ನಡುವೆ ಇಡುತ್ತಾರೆ. ನಾಲ್ಕನೇ ಪಂಜರಕ್ಕೆ ಇಡಬೇಕಾದದ್ದನ್ನು ಮೂರನೆಯದರ ಹತ್ತಿರ ಇಟ್ಟು, ಮತ್ತೆ ಎತ್ತಿ, ಎಲ್ಲಿಡಬೇಕು ಎಂದು ಕ್ಷಣ ನಿಲ್ಲುತ್ತಾರೆ. ಕೈ ಕೆಲಸದಲ್ಲಿದೆ, ಮನಸ್ಸು ಬಸ್ಸಿನ ಹಿಂದೆ ಹೋಗಿದೆ.

"ಈಗ ಕೈವಾರ ಕ್ರಾಸ್ ದಾಟಿರ್ತಾರಾ?" ಎಂದು ಕಿಟಕಿಯಾಚೆ ಹಲ್ಲುಜ್ಜುತ್ತಿರುವ ಗಂಡನನ್ನು ಕೇಳುತ್ತಾರೆ.

"ಕೈವಾರದ ಮೇಲೆ ಯಾಕ್ ಬತ್ತಾರೆ? ಶಿಡ್ಲಘಟ್ಟದ ಬಸ್ಸು ಆ ಕಡೆ ಸುತ್ತಲ್ಲ. ಫೋನ್ ಮಾಡಿ ಬರ್ಬೇಡಿ ಅನ್ನು, ಅಷ್ಟೇ," ಎನ್ನುತ್ತಾರೆ ಹನುಮಂತರಾಯಪ್ಪ.

"ಬನ್ನಿ ಅಂದ ಬಾಯಲ್ಲಿ ಫೋನಲ್ಲೇ ಬ್ಯಾಡ ಅನ್ನಲಾ? ಮುಖ ತೋರ್ಸದೆ?"

"ಹಂಗಾದ್ರೆ ಮುಖ ತೋರ್ಸು," ಎಂದು ಅವರು ಬಾಯಿ ಮುಕ್ಕಳಿಸಲು ಹೋಗುತ್ತಾರೆ.

ಗುಂಡ ಇಲ್ಲಿಗೆ ಬಂದದ್ದು ಹೋದ ವರ್ಷ ಯುಗಾದಿ ಕಳೆದ ಮೇಲೆ. ಚಿಂತಾಮಣಿಯ ವೆಂಕಟೇಶಮೂರ್ತಿ ನಿವೃತ್ತ ಗಣಿತದ ಮೇಷ್ಟರು. ಮನೆಯಲ್ಲಿ ಟ್ಯೂಷನ್ ಹೇಳುತ್ತಾರೆ. ಬೆಂಗಳೂರಲ್ಲಿ ಹಕ್ಕಿ ವ್ಯಾಪಾರ ಮಾಡುವವರೊಬ್ಬರು, ಮಗ ಗಣಿತದಲ್ಲಿ ಪಾಸಾದ ಖುಷಿಗೆ ಗುರುದಕ್ಷಿಣೆಯೆಂದು ಬೂದು ಗಿಳಿಗಳ ಜೋಡಿಯೊಂದನ್ನು ತಂದುಕೊಟ್ಟರು. ಗಂಡು ಗುಂಡ, ಹೆಣ್ಣು ಚಿನ್ನಿ. ಮೇಷ್ಟರ ಹೆಂಡತಿ ರಾಧಮ್ಮ ಬೇಡ ಬೇಡ ಎನ್ನುತ್ತಲೇ ಇಬ್ಬರಿಗೂ ಕೈತುತ್ತು ಹಾಕಿದರು. ಗೇಟಿನ ಬಳಿ ಹುಡುಗರು ದಿನವೂ ಕೂಗುವ "ಸಾರ್ ಇದಾರಾ?" ಎಂಬುದನ್ನು ಗುಂಡ ಕಲಿತ. ಚಪ್ಪಲಿ ಸದ್ದು ಕೇಳಿದರೆ ಸಾಕು, ಶುರು.

ಆಮೇಲೆ ಅವನು ಇಳಿಯುತ್ತ ಹೋದ. ವಾಂತಿ ಮಾಡಿದ, ಕಡ್ಡಿಯಿಂದ ಬಿದ್ದ. ಡಾ. ಗಂಗಾಧರ್ ನೋಡಿ, ಚಿನ್ನಿಯಿಂದ ಇವನನ್ನು ಬೇರೆ ಮಾಡಲೇಬೇಕು ಎಂದರು. ಪಂಜರವನ್ನು ಮಡಿಲ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದ ರಾಧಮ್ಮ ಈ ಬಾಗಿಲಲ್ಲಿ ಅತ್ತುಬಿಟ್ಟಿದ್ದರು. ಆಗ ಅಮ್ಮಾಜಮ್ಮ ಹೇಳಿದ ಮಾತು: "ಬಾಣಂತನಕ್ಕೆ ತವರಿಗೆ ಬಿಟ್ಟೋದೆ ಅನ್ಕೊಳಮ್ಮ. ಮೈ ತುಂಬಿಸಿ ನಿಮ್ಮನೆಗೇ ಕಳಿಸ್ತೀನಿ."

ಗುಂಡ ಗಂಜಿಯಲ್ಲಿ ಚೇತರಿಸಿಕೊಂಡ. ಎದೆಮೂಳೆಯ ಮೇಲೆ ಮಾಂಸ ಬಂತು. ಒಣಕಾಳು ಕೊಟ್ಟು ನೋಡೋಣ, ಅರಗುತ್ತದೋ ಇಲ್ಲವೋ ತಿಳಿಯುತ್ತದೆ ಎಂದು ಹೋದ ವಾರ ಡಾಕ್ಟರು ಹೇಳಿದರು. ಅಮ್ಮಾಜಮ್ಮ ಚಿಟಿಕೆ ನವಣೆ ಹಾಕಿದರು. ಮೊದಲೆರಡು ದಿನ ಹಿಕ್ಕೆಯಲ್ಲಿ ಏನೂ ಕಾಣಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ಗುಂಡ ಪಂಜರದ ಸರಳು ಹಿಡಿದು, ಕೊಕ್ಕಿನಿಂದ ಮೈಯೆಳೆದುಕೊಳ್ಳುತ್ತ ತುತ್ತತುದಿಗೆ ಹತ್ತಿ ಕೂತಿದ್ದ. ಬಂದಾಗಿನಿಂದ ಒಂದು ದಿನವೂ ಅಷ್ಟು ಮೇಲಕ್ಕೆ ಹತ್ತಿದವನಲ್ಲ.

ಅಲ್ಲಿ ಅಮ್ಮಾಜಮ್ಮ ಎಡವಿದರು. ಹುಳ ಸಾಕಿದವರಿಗೆ ಹತ್ತುವುದು ಎಂದರೆ ಒಂದೇ ಅರ್ಥ. ಹಣ್ಣಾದ ಹುಳ ಸೊಪ್ಪು ಬಿಟ್ಟು ತಲೆಯೆತ್ತುತ್ತದೆ. ಅದನ್ನು ಚಂದ್ರಿಕೆಗೆ, ಅಂದರೆ ಬಿದಿರ ತಡಿಕೆಯ ಸುರುಳಿಗೆ ಬಿಟ್ಟರೆ ಅಲ್ಲಿ ಗೂಡು ಕಟ್ಟುತ್ತದೆ. ರೋಗದ ಹುಳ ತಟ್ಟೆಯಲ್ಲೇ ಸೊರಗಿ ಬೀಳುತ್ತದೆ, ಮೇಲೆ ಹತ್ತುವುದಿಲ್ಲ. ಹತ್ತಿತು ಎಂದರೆ ಗೆದ್ದಿತು. ಅವರು ಡಾಕ್ಟರನ್ನು ಕೇಳಲಿಲ್ಲ. ಗಂಡನ ಮೊಬೈಲು ಇಸಿದುಕೊಂಡು ನೇರ ಚಿಂತಾಮಣಿಗೆ ಫೋನು ಮಾಡಿ, "ಅಮ್ಮಾ, ನಿಮ್ಮ ಹುಡುಗ ಹತ್ತಿದ. ಪಂಜರ ತಗೊಂಡು ಬನ್ನಿ," ಎಂದರು.

"ಹುಳ ಅಲ್ಲ ಇದು, ಗಿಳಿ, ಅಂತ ನಂಗೊತ್ತಿಲ್ವಾ?" ಎಂದು ಈಗ ತಮ್ಮನ್ನೇ ಕೇಳಿಕೊಳ್ಳುತ್ತಾರೆ. "ಹತ್ತಿದ್ದು ನೋಡ್ತಿದ್ದಂಗೇ ಬಾಯಿಗೆ ಬಂದ್ಬಿಡ್ತು. ಅದೂ ಅಲ್ದೆ, ಹುಳದಲ್ಲೂ ಎಲ್ಲಾ ಗೆಲ್ಲಲ್ಲ. ಮೇಲೆ ಹತ್ತಿ, ಗೂಡು ಕಟ್ಟಿ, ಗೂಡೊಳಗೇ ಕೊಳೆತು ಹೋಗೋವೂ ಅವೆ. ಆಚೆಯಿಂದ ನೋಡುದ್ರೆ ಚೆನ್ನಾಗೇ ಇರ್ತದೆ. ಅಲ್ಲಾಡ್ಸಿದ್ರೆ ಗೊತ್ತಾಗದು. ಎಷ್ಟು ನೋಡಿಲ್ಲ ನಾನು ಅಂಥವ್ನ. ಮರ್ತೇ ಹೋಯ್ತು."

ವಿಷಯ ತಿಳಿದ ಡಾಕ್ಟರು ರೇಗಲಿಲ್ಲ. ಹಿಕ್ಕೆಯಲ್ಲಿ ಕಾಳು ಬಾರದೇ ಇದ್ದರೂ, ನೋಡಲು ಗುಣವಾದ ಹಕ್ಕಿ ರೋಗ ಹಂಚಬಲ್ಲದು. ಆ ಮನೆಯಲ್ಲಿ ಇನ್ನೊಂದು ಇರುವಾಗ ಕಳಿಸುವುದು ಬೇಡ ಎಂದಷ್ಟೇ ಹೇಳಿದರು. ಅದು ನಿನ್ನೆ ಸಂಜೆ. ಬೆಳಿಗ್ಗೆ ಕಾಳೂ ಬಂತು.

ಮಂಜು ಕರಗಿ ಬಿಸಿಲು ಬೀಳುವ ಹೊತ್ತಿಗೆ ಮಣ್ಣು ರಸ್ತೆಯಲ್ಲಿ ರಾಧಮ್ಮ ಕಾಣಿಸುತ್ತಾರೆ. ಒಂದು ಕೈಯಲ್ಲಿ ಹೊಸದಾಗಿ ಬಿಳಿ ಬಣ್ಣ ಬಳಿದ ಪಂಜರ, ಇನ್ನೊಂದರಲ್ಲಿ ವೈರ್ ಬುಟ್ಟಿ. ಚಳಿಗೆ ಸ್ವೆಟರ್ ಹಾಕಿದ್ದರೂ ನಡೆದ ಬಿರುಸಿಗೆ ಹಣೆ ಬೆವೆತಿದೆ. ಚಪ್ಪಲಿ ಸದ್ದು ಕೇಳಿ ಒಳಗಿನಿಂದ ಪ್ರಶ್ನೆ ಬರುತ್ತದೆ: "ಸಾರ್ ಇದಾರಾ?"

"ಇದಾರೆ ಕಣೋ, ಮನೇಲಿ ಇದಾರೆ. ನಿಂಗೇ ಕಾಯ್ತಾ ಕೂತಿದಾರೆ," ಎಂದು ರಾಧಮ್ಮ ಕಿಟಕಿಗೆ ಮುಖ ಒತ್ತುತ್ತಾರೆ. ಚಿನ್ನಿ ಇರುವ ಮನೆಗೆ ಮರಳುವವರಾದ್ದರಿಂದ ಅವರಿಗೆ ಈ ಬಾಗಿಲಲ್ಲಿ ಪ್ರವೇಶವಿಲ್ಲ. ಇಷ್ಟು ದಿನವೂ ಗುಂಡನನ್ನು ಅವರು ನೋಡಿದ್ದು ನೊಣದ ಪರದೆಯ ಈಚೆಯಿಂದಲೇ.

ಗುಂಡ ಸರಳು ಹಿಡಿದು ಕಿಟಕಿಯ ಕಡೆಗೆ ಸರಿದು ಬರುತ್ತಾನೆ. ತಲೆ ಬಾಗಿಸಿ, ಎಳೆದ ಹೆಣ್ಣು ದನಿಯಲ್ಲಿ ಹೇಳುತ್ತಾನೆ: "ತಿನು ನಾಯನಾ, ತಿನು."

ರಾಧಮ್ಮ ಹಿಂದೆ ಸರಿದು ನೋಡುತ್ತಾರೆ. ಆಮೇಲೆ ನಗುತ್ತಾರೆ. "ಇದೇನ್ರೀ ಅಮ್ಮಾಜಮ್ಮ, ನಮ್ಮ ಮನೇಲಿ ಕನ್ನಡ ಮಾತಾಡ್ಕೊಂಡಿದ್ದೋನಿಗೆ ತೆಲುಗು ಹತ್ತಿಸಿದೀರಾ. ಇನ್ನು ಚಿನ್ನಿಗೆ ಇವನ ಮಾತು ಅರ್ಥವಾಗೋಕೆ ನಾನು ಪಾಠ ಹೇಳ್ಬೇಕು."

ಅಮ್ಮಾಜಮ್ಮ ನಗುವುದಿಲ್ಲ. ಒಳಗಿನಿಂದ ಕಾಗದ ತಂದು, ಪರದೆಗೆ ತಾಗದಂತೆ ಎತ್ತಿ ಹಿಡಿಯುತ್ತಾರೆ. "ನೋಡಮ್ಮ. ಹಾಕಿದ ಕಾಳು ಅಂಗಂಗೇ ಬಂದದೆ."

"ಅಂದ್ರೆ?"

"ಕಾಯಿಲೆ ಹೋಗಿಲ್ಲ. ನಾನು ಅವಸರಕ್ಕೆ ಬಿದ್ದು ನಿಮ್ಗೆ ಫೋನ್ ಮಾಡ್ದೆ. ಕಳ್ಸಕ್ಕಾಗಲ್ಲಮ್ಮ."

ರಾಧಮ್ಮ ಕಾಗದವನ್ನು ನೋಡುತ್ತಾರೆ, ಗಿಳಿಯನ್ನು ನೋಡುತ್ತಾರೆ. "ಚೆನ್ನಾಗಿ ಮೈ ಬಂದಿದೆಯಲ್ರೀ. ನಮ್ಮೆಜಮಾನ್ರು ಕೂತು ಪಂಜರಕ್ಕೆ ಬಣ್ಣ ಹೊಡೆದಿದಾರೆ. ಟ್ಯೂಷನ್ ಹುಡುಗರಿಗೆಲ್ಲ ಹೇಳಿ, ಅವರು ಬಾಗಿಲಿಗೆ ಕಾಗದದ ಹೂ ಕಟ್ಟಿದಾರೆ. ಗಂಜಿ ನಾನೂ ಮಾಡ್ತೀನಿ. ನಿಮ್ಮಷ್ಟು ನಂಗೆ ಬರಲ್ವಾ?"

"ನಂಗಿಂತ ಚೆನ್ನಾಗ್ ಮಾಡ್ತೀರ. ಗಂಜಿದಲ್ಲ ಮಾತು. ಅಲ್ಲಿ ಚಿನ್ನಿ ಅವ್ಳಲ್ಲ."

"ಆ ಚಿನ್ನಿಗೋಸ್ಕರವೇ ಅಲ್ವಾ ನಾನು ಓಡಿ ಬಂದಿದ್ದು?" ರಾಧಮ್ಮನ ದನಿ ಏರುತ್ತದೆ. "ಇವನು ಹೋದಾಗಿನಿಂದ ಎದೆ ಗರಿ ಕಿತ್ತು ಕಿತ್ತು ಬೋಳಾಗಿದಾಳೆ. ಸಂಜೆಯಾದ್ರೆ ಕೂಗು. ಪಕ್ಕದ ಮನೆಯೋರು ಏನ್ರೀ ಅದು ಅಂತಾರೆ. ಇಬ್ರೂ ಒಟ್ಟಿಗಿದ್ದೋರು. ತಗಲೋದಾದ್ರೆ ಆಗ್ಲೇ ತಗಲಿರಲ್ವಾ?"

"ತಗಲಿದ್ರೆ ತಗಲಿರ್ತದೆ. ಡಾಕ್ಟರ್ನೂ ಕೇಳ್ದೆ, ಅವ್ರಿಗೂ ಗೊತ್ತಿಲ್ಲ, ಗೊತ್ತು ಮಾಡ್ಕೊಳಕ್ಕೆ ಇಲ್ಲಿ ದಾರಿ ಇಲ್ಲ ಅಂತಾರೆ. ತಗಲ್ದೆ ಇದ್ರೆ? ನಾನ್ ಕೈಯಾರ ಕಳ್ಸಿ, ಆಮೇಲೆ ತಗಲಿದ್ರೆ?"

ರಾಧಮ್ಮ ಪಂಜರವನ್ನು ಕೆಳಗಿಡುತ್ತಾರೆ. "ಇಷ್ಟು ದಿನ ಇಟ್ಕೊಂಡು ನಿಮ್ಮದೇ ಆಗೋಗಿದೆ. ಬಿಡೋಕೆ ಮನಸ್ಸಿಲ್ಲ ಅನ್ನಿ. ನಿಮ್ಮ ಮಾತೇ ಆಡ್ತಿದೆ ಈಗ."

ಅಮ್ಮಾಜಮ್ಮ ಕಾಗದ ಮಡಚಿ ಸುಡುವ ಡಬ್ಬಿಗೆ ಹಾಕುತ್ತಾರೆ. ಅದೇನು ಹೊಳೆಯಿತೋ, ನಡುಗುವ ಕಾಕಟೀಲಿನ ಪಂಜರವನ್ನು ಎರಡೂ ಕೈಯಲ್ಲಿ ಎತ್ತಿ ಕಿಟಕಿಯ ಹತ್ತಿರ ತರುತ್ತಾರೆ. ನೆಲದ ಬಟ್ಟೆಯ ಮೇಲೆ ಕಾಲು ಅಗಲಿಸಿ ಕೂತ ಹಕ್ಕಿ ಬೆಳಕಿಗೆ ಕಣ್ಣು ಕಿರಿದು ಮಾಡುತ್ತದೆ. ತಲೆ ಒಂದೇ ಸಮನೆ ಅಲ್ಲಾಡುತ್ತಿದೆ.

"ಗೌರಿಬಿದನೂರಿಂದು ಇದು. ಇವ್ರ ಮನೇಲೂ ಎರಡಿದ್ವು. ಮೊದ್ಲು ಕಾಯಿಲೆ ಬಿದ್ದಿದ್ದು ಇದರ ಅಣ್ಣ. ಅದು ಚೆನ್ನಾಗಾಯ್ತು ಅಂತ ಮನೆಯೋರು ಡಾಕ್ಟರ್ ಮಾತು ಕೇಳ್ದೆ ಅಲ್ಲೇ ಒಟ್ಗೆ ಇಟ್ಕೊಂಡಿದ್ರಂತೆ. ಆಮೇಲೆ ಇದು ಬಂತು. ಅಣ್ಣ ಇಲ್ಲಿಗೂ ಬರ್ಲಿಲ್ಲ, ಅಲ್ಲೇ ಸತ್ತೋಯ್ತು."

ರಾಧಮ್ಮ ಅದನ್ನೇ ನೋಡುತ್ತಾರೆ. ಬದುವಿನ ಆಚೆ ಅವರೆ ಬಿಡಿಸುವ ಹೆಂಗಸರು ಟೆಂಪೊದವನ ಜೊತೆ ಜಗಳವಾಡುವುದು ಕೇಳುತ್ತಿದೆ. ಹನುಮಂತರಾಯಪ್ಪ ಕೆಲಸಕ್ಕೆ ಹೊರಟವರು ಸೈಕಲ್ ಹಿಡಿದುಕೊಂಡೇ ನಿಂತಿದ್ದಾರೆ.

"ಹಾಗಾದ್ರೆ ಇವನು ಬರೋದೇ ಇಲ್ವಾ?"

"ಗೊತ್ತಿಲ್ಲಮ್ಮ. ಆ ಟೆಸ್ಟು ನಮ್ಮ ಕಡೆಗೂ ಬತ್ತದೆ ಅಂತಾರೆ ಡಾಕ್ಟ್ರು. ಬಂದ್ರೆ ಇಬ್ರಿಗೂ ನೋಡಣ. ಚಿನ್ನಿಗೂ ಅದೇ ಇದ್ರೆ ಆಗ ಬೇರೆ ಮಾಡೋ ಮಾತೇ ಇಲ್ಲ, ಒಟ್ಗೇ ಇರ್ಲಿ. ಇಲ್ದಿದ್ರೆ ಇವನು ಇಲ್ಲೇ. ಗಂಜಿಗೆ ಕಮ್ಮಿ ಮಾಡಲ್ಲ."

ರಾಧಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಕಿಟಕಿಗೆ ಬಾಗುತ್ತಾರೆ. "ಕೇಳಿಸ್ಕೊಂಡ್ಯಾ? ಬಾಯಿ ಮಾತ್ರ ಜೋರು ನಿಂದು. ಒಂದು ನವಣೆ ಕಾಳು ಅರಗಿಸೋಕೆ ಆಗಲ್ಲ." ಗುಂಡ ಪರದೆಯ ಹತ್ತಿರ ಕೊಕ್ಕು ತರುತ್ತಾನೆ.

ಹೊರಡುವ ಮುಂಚೆ ಅವರು ಬುಟ್ಟಿಯಿಂದ ತಟ್ಟೆ ತೆಗೆಯುತ್ತಾರೆ. ಅರಿಶಿನ ಕುಂಕುಮ, ಬಾಳೆಹಣ್ಣು, ಮಡಿಕೆ ಬಿಚ್ಚದ ಎಲೆಹಸಿರು ಬಣ್ಣದ ಸೀರೆ. ಬಾಣಂತನ ಮುಗಿಸಿ ಕಳಿಸಿಕೊಡುವ ತವರಿಗೆಂದು ತಂದದ್ದು. ಅಮ್ಮಾಜಮ್ಮ ಅಂಗಿ ಕಳಚಿಟ್ಟು, ಕೈಕಾಲು ತೊಳೆದು ಹೊರಬಂದು ಕುಂಕುಮ ಇಟ್ಟುಕೊಳ್ಳುತ್ತಾರೆ, ಹಣ್ಣು ತೆಗೆದುಕೊಳ್ಳುತ್ತಾರೆ. ಸೀರೆಯನ್ನು ಮುಟ್ಟುವುದಿಲ್ಲ.

"ಇದು ಅವನ್ನ ಕಳ್ಸಿಕೊಟ್ಟ ದಿನದ್ದಲ್ವಾ? ಇವತ್ತು ನಾನೆಂಗೆ ತಗೊಳ್ಲಿ?"

"ತಂದಿದ್ದನ್ನ ವಾಪಸ್ ಒಯ್ಯೋಕೆ ನಂಗೂ ಆಗಲ್ಲ," ಎನ್ನುತ್ತಾರೆ ರಾಧಮ್ಮ. "ಆ ಮಾತಂದೆ, ಮನಸ್ಸಿಗೆ ಹಚ್ಕೋಬೇಡಿ."

"ನೀವಂದಿದ್ದು ಸುಳ್ಳೇನಲ್ಲ ಬಿಡಮ್ಮ. ಬಿಡಕ್ಕೆ ನಂಗೂ ಕಷ್ಟಾನೇ."

ಸೀರೆ ಜಗಲಿಯ ಮೇಲೇ ಉಳಿಯುತ್ತದೆ. ಖಾಲಿ ಪಂಜರ ಹಿಡಿದು ರಾಧಮ್ಮ ರಸ್ತೆಗಿಳಿಯುತ್ತಾರೆ. ಚಪ್ಪಲಿ ಸದ್ದು ದೂರವಾಗುತ್ತಿದ್ದಂತೆ ಒಳಗಿನಿಂದ ಗುಂಡ ಕೂಗುತ್ತಾನೆ, "ಸಾರ್ ಇದಾರಾ?" ಬದುವಿನ ತಿರುವಿನಲ್ಲಿ ಅವರು ನಿಲ್ಲುತ್ತಾರೆ. ತಿರುಗುವುದಿಲ್ಲ. ಪಂಜರವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡು ಮುಂದೆ ನಡೆಯುತ್ತಾರೆ.

ಮುಂದಕ್ಕೆ ಏನಾಗಬೇಕು ಎಂದು ಕೇಳಿದರೆ ಅಮ್ಮಾಜಮ್ಮನಿಗೆ ದೊಡ್ಡ ಆಸೆಗಳಿಲ್ಲ. ಬೆಳಗಿನ ಹೊತ್ತು ಕರೆಂಟು ತೆಗೆಯದಿದ್ದರೆ ಸಾಕು ಎನ್ನುತ್ತಾರೆ. ಆ ಟೆಸ್ಟು ಬೇಗ ಬರಲಿ ಎಂದು ಸ್ವಲ್ಪ ತಡೆದು ಸೇರಿಸುತ್ತಾರೆ. ಜಗಲಿಯ ಗೋಡೆಗೆ ಹುಳದ ಕಾಲದ ಹಳೆಯ ಚಂದ್ರಿಕೆಯೊಂದು ಒರಗಿ ನಿಂತಿದೆ. ಬಿದಿರ ಸುರುಳಿಗಳಲ್ಲಿ ಈಗ ಗೂಡಿಲ್ಲ, ಧೂಳಿದೆ. ಸೆರಗಿನಿಂದ ಅದನ್ನು ಒರೆಸಿ, ಸೀರೆಯನ್ನು ಮಡಿಕೆಯಲ್ಲೇ ಅದರ ನಡುವಿಗೆ ಸಿಕ್ಕಿಸುತ್ತಾರೆ.

"ಪೆಟ್ಟಿಗೇಲಿಡು, ಇಲಿ ಕಡಿತದೆ," ಎನ್ನುತ್ತಾರೆ ಸೈಕಲ್ ಏರುತ್ತ ಹನುಮಂತರಾಯಪ್ಪ.

"ಪೆಟ್ಟಿಗೇಲಿಟ್ರೆ ನಂದಾಗೋಯ್ತದೆ. ಇಲ್ಲೇ ಕಣ್ಮುಂದೆ ಇರ್ಲಿ. ಇನ್ನೂ ಬಾಕಿ ಐತೆ ಅಂತ ದಿನಾ ಗೊತ್ತಾಗ್ಬೇಕು ನಂಗೆ," ಎಂದು ಅಮ್ಮಾಜಮ್ಮ ಪಾದ ಅದ್ದಿ ಒಳಗೆ ಹೋಗುತ್ತಾರೆ. ಮೂರನೇ ಪಂಜರದ ಬಟ್ಟಲಲ್ಲಿ ಉಳಿದ ನವಣೆಯನ್ನು ಸುಡುವ ಡಬ್ಬಿಗೆ ಸುರಿದು, ಗಂಜಿಯ ಚಮಚ ಎತ್ತಿಕೊಳ್ಳುತ್ತಾರೆ.